ಪೆಡಲ್ ಇಲ್ಲದ ಸೈಕಲ್, ಆರು ಕೋಟಿ ಆಲಿವ್ ಮರ

ಇದು ನಮ್ಮ ಸೈಕಲ್ ಪ್ರವಾಸದ ವಿಡಿಯೊ. ತೆಗೆಯುವಾಗ ಗಾಳಿಯ ಸದ್ದು ವಿಪರೀತ ಇತ್ತು. ಹಾಗಾಗಿ ಅಲ್ಲಿ ನಾನು ಆಡಿದ ಮಾತನ್ನೆಲ್ಲ ಅಳಿಸಿ, ಈಗ ಮ್ಯೂನಿಕ್‌ನ ಮನೆಯಲ್ಲಿ ಕುಳಿತು ಹೊಸದಾಗಿ ಮಾತನಾಡುತ್ತಿದ್ದೇನೆ. ಮುಂದೆ ಹೋಗುತ್ತಿರುವ ಹಳದಿ ಜಾಕೆಟ್ ನನ್ನ ಭಾವ. ಮೈಸೂರಿನಿಂದ ಅಕ್ಕನ ಜೊತೆ ಬಂದವರು. ಅಕ್ಕ ಮೊದಲ ಬೆಳಿಗ್ಗೆಯೇ ಬೆಟ್ಟಗಳನ್ನು ದೂರದಿಂದ ನೋಡಿ, "ನೀವಿಬ್ಬರೂ ಹೋಗಿ ಬನ್ನಿ, ನಾನು ಬಸ್ಸಿನಲ್ಲಿ ಬರುತ್ತೇನೆ" ಎಂದಳು. ನಮ್ಮ ಮೂವರಲ್ಲಿ ಬುದ್ಧಿ ಇರುವುದು ಅವಳಿಗೇ.

ಇದು ಸ್ಪೇನ್‌ನ ದಕ್ಷಿಣ, ಆಂದಲೂಸಿಯಾದ ಹಾಯೆನ್ ಪ್ರಾಂತ್ಯ. ತಿಂಗಳು ನವೆಂಬರ್. ಹಿಂದೆ ಮರೆಯಾಗುತ್ತಿರುವ ಊರು ಊಬೆದಾ. ಪಕ್ಕದ ಬಯೇಸಾ ಜೊತೆ ಸೇರಿ 2003ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಬಂದ ಊರು. ಅರಮನೆಗಳು, ಚರ್ಚುಗಳು ಎಲ್ಲ ಚೆನ್ನಾಗಿವೆ, ಆದರೆ ಸೈಕಲ್ಲಿಗೆ ಅಲ್ಲಿನ ಕಲ್ಲುಹಾಸು ಶತ್ರು. ಊರು ದಾಟಿ ತೊರ್ರೆಪೆರೊಹಿಲ್ ಕಡೆಯಿಂದ ಕಣಿವೆಗೆ ಇಳಿದರೆ ಇದು ಶುರುವಾಗುತ್ತದೆ. ಎಡಕ್ಕೆ ಆಲಿವ್, ಬಲಕ್ಕೆ ಆಲಿವ್, ಮುಂದಿನ ಗುಡ್ಡದ ಮೇಲೆ ಆಲಿವ್, ಅದರ ಹಿಂದಿನ ಗುಡ್ಡದ ಮೇಲೂ ಅದೇ. ಈ ಒಂದು ಪ್ರಾಂತ್ಯದಲ್ಲೇ ಆರು ಕೋಟಿಗೂ ಹೆಚ್ಚು ಮರಗಳಿವೆ. ಮೊದಲ ಒಂದು ಗಂಟೆ ನನಗೆ ಇದು ಬೇಸರ ಹುಟ್ಟಿಸಿತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಫೋಟೊದಲ್ಲಿ ಸುಂದರ, ಸೈಕಲ್ ಮೇಲೆ ಏಕತಾನ. ನೆರಳಿಲ್ಲ, ಅಂಗಡಿಯಿಲ್ಲ, ಒಂದು ನಾಯಿಯೂ ಬೊಗಳುವುದಿಲ್ಲ.

ಈ ದೃಶ್ಯ ಉದ್ದ ಇದೆ, ಇಲ್ಲೇನೂ ಆಗುವುದಿಲ್ಲ. ಆದ್ದರಿಂದ ಪೆಡಲ್ ವಿಷಯ ಹೇಳುತ್ತೇನೆ.

ಎರಡು ಸೈಕಲ್‌ಗಳನ್ನು ಮೊದಲೇ ಹಣ ಕಟ್ಟಿ ಕಾದಿರಿಸಿದ್ದೆ. ಅಂಗಡಿಗೆ ಹೋದರೆ ಸೈಕಲ್‌ಗಳು ಥಳಥಳ ಹೊಳೆಯುತ್ತಿವೆ, ಚಕ್ರ ಇದೆ, ಗೇರ್ ಇದೆ, ನೀರಿನ ಬಾಟಲಿ ಇಡುವ ಜಾಗವೂ ಇದೆ. ಪೆಡಲ್ ಇಲ್ಲ. ಮರೆತಿರಬೇಕು ಎಂದುಕೊಂಡು ಕೇಳಿದರೆ, ಮರೆತಿಲ್ಲವಂತೆ, ಸೈಕಲ್ ಕೊಡುವುದೇ ಹೀಗಂತೆ. ಯುರೋಪಿನಲ್ಲಿ ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಹಗುರ ಸೈಕಲ್, ಬಾಡಿಗೆಗೆ ಕೊಡುವ ಎಷ್ಟೋ ಕಡೆ ಇದೇ ಪದ್ಧತಿ. ಅಭ್ಯಾಸದ ಸವಾರರ ಬೂಟಿನ ಅಡಿಯಲ್ಲಿ ಕೊಕ್ಕೆ ಇರುತ್ತದೆ, ಆ ಕೊಕ್ಕೆ ಸಿಕ್ಕಿಕೊಳ್ಳುವ ಪೆಡಲ್ ಕಂಪನಿಗೊಂದು ತರಹ, ಹಾಗಾಗಿ ಅವರು ತಮ್ಮ ಪೆಡಲ್‌ಗಳನ್ನು ಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ. ತರ್ಕ ಅರ್ಥವಾಯಿತು. ಅರ್ಥವಾಗದೇ ಹೋದದ್ದು ಬಾಡಿಗೆ. ಮಾಮೂಲಿ ಚಪ್ಪಟೆ ಪೆಡಲ್ ಬೇಕಾದರೆ ದಿನಕ್ಕೆ ಜೋಡಿಗೆ 4 ಯೂರೊ! ನಾವು ಸೈಕಲ್ ಇಟ್ಟುಕೊಳ್ಳುವ ಅಷ್ಟೂ ದಿನಕ್ಕೆ ಲೆಕ್ಕ ಹಾಕಿದರೆ ಹೊಸ ಜೋಡಿಯ ಬೆಲೆಯ ದುಪ್ಪಟ್ಟು. ಹಾಗಾದರೆ ಹೊಸದನ್ನೇ ಕೊಳ್ಳೋಣ ಎಂದರೆ ಅವರಲ್ಲಿ ಮಾರಾಟಕ್ಕಿಲ್ಲ, ಮಾರುವ ಅಂಗಡಿ ಎದುರು ಬೀದಿಯಲ್ಲಿದೆ, ಅದು ಮಧ್ಯಾಹ್ನ ಎರಡಕ್ಕೆ ಮುಚ್ಚಿದರೆ ತೆರೆಯುವುದು ಐದಕ್ಕೆ. ಆಗ ಗಂಟೆ ಎರಡೂಹತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳುತ್ತಾರೋ, ಹೇಳಿಬಿಡುತ್ತಿದ್ದೆ.

ಭಾವ ಜಗಳವಾಡುವವರಲ್ಲ. ಆದರೆ ಜೋಡಿಸಿಕೊಡಲೂ ಬೇರೆ ಶುಲ್ಕ ಎಂದು ತಿಳಿದ ಕೂಡಲೇ ತೋಳು ಮಡಚಿದರು. "ಸ್ಪ್ಯಾನರ್ ಕೊಡಲು ಹೇಳು, ಅದಕ್ಕೂ ಬಾಡಿಗೆ ಇದೆಯೇನು ಕೇಳು" ಎಂದರು. ಈಗ ನೋಡಿ, ಇದು ಅಂಗಡಿಯ ಹೊರಗೆ ಪಾದಚಾರಿ ಮಾರ್ಗದಲ್ಲಿ ತೆಗೆದದ್ದು. ಬಲಗಡೆಯ ಪೆಡಲ್ ಎಲ್ಲ ತಿರುಪುಗಳ ಹಾಗೆಯೇ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ, ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿ. ತುಳಿಯುತ್ತ ತುಳಿಯುತ್ತ ತಾನಾಗಿ ಕಳಚಿಕೊಳ್ಳದಿರಲಿ ಎಂದು ಹಾಗೆ ಮಾಡಿರುತ್ತಾರೆ. ಭಾವನಿಗೆ ಇದು ಹುಣಸೂರಿನ ಬಾಡಿಗೆ ಸೈಕಲ್ ಅಂಗಡಿಯ ವಿದ್ಯೆ. ಮಡ್ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದ ಸೈಕಲ್‌ಗಳು, ಗಂಟೆಗೆ ಐವತ್ತು ಪೈಸೆ, ತಡವಾದರೆ ಬೈಗುಳ. "ಬ್ರೇಕ್ ಇರುತ್ತಿರಲಿಲ್ಲ, ಬೆಲ್ ಇರುತ್ತಿರಲಿಲ್ಲ, ಆದರೆ ಪೆಡಲ್ ಇಲ್ಲದ ಸೈಕಲ್ಲಿಗೆ ಅವನೂ ಬಾಡಿಗೆ ಕೇಳಿರಲಿಲ್ಲ" ಎಂದು ಇಡೀ ಪ್ರವಾಸದಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅನುವಾದ ಮಾಡುವ ಕೆಲಸ ನನ್ನದು. ಯಾರೂ ನಗಲಿಲ್ಲ.

ಸರಿ, ಸೇತುವೆ ದಾಟಿಯಾಯಿತು. ಕೆಳಗೆ ಕಂದು ಬಣ್ಣದಲ್ಲಿ ಹರಿಯುತ್ತಿದ್ದದ್ದು ಗ್ವಾದಲ್ಕಿವೀರ್ ನದಿ, ಕ್ಯಾಮೆರಾ ಸೇತುವೆಯ ಕಂಬಿಯನ್ನಷ್ಟೇ ಹಿಡಿದಿದೆ.

ಇಲ್ಲಿಂದ ಪೆಯಾಲ್ ದೆ ಬೆಸೆರ್ರೊ ಕಡೆಗೆ ಮತ್ತೆ ಏರು. ಬೇಸರ ಎಂದೆನಲ್ಲ, ಅದು ಹೋದದ್ದು ಇಲ್ಲೇ. ನಿಧಾನವಾಗಿ ಹತ್ತುವಾಗ ಮರಗಳನ್ನು ಒಂದೊಂದಾಗಿ ನೋಡಲು ಪುರುಸೊತ್ತು ಸಿಗುತ್ತದೆ. ಒಂದು ಮರ ಎಂದುಕೊಂಡದ್ದು ಒಂದೇ ಕಾಂಡದ್ದಲ್ಲ. ಒಂದೇ ಪಾತಿಯಿಂದ ಎರಡು ಮೂರು ಕಾಂಡ ಹೊರಟು, ಹೊರಕ್ಕೆ ಬಾಗಿ, ಮೇಲೆ ಒಂದೇ ತಲೆಯಾಗಿರುತ್ತದೆ. ಈ ಕಡೆಯ ಹಳೆಯ ತೋಟಗಳಲ್ಲಿ ಸಾಂಪ್ರದಾಯಿಕವಾಗಿ ನೆಡುವ ಕ್ರಮವೇ ಹೀಗೆ. ತಳಿಯ ಹೆಸರು ಪಿಕ್ವಾಲ್, ಹಾಯೆನ್‌ನಲ್ಲಿ ಬಹುಪಾಲು ಅದೇ. ಬುಡದ ಗಂಟುಗಳ ಮೇಲೆ ಬೂದು ಪಾಚಿ, ಕಾಂಡದ ಪೊಟರೆಯಲ್ಲಿ ಯಾರೋ ಇಟ್ಟು ಹೋದ ನೀರಿನ ಕ್ಯಾನ್.

ಕೊಯ್ಲು ಆಗಷ್ಟೇ ಶುರುವಾಗಿತ್ತು. ಬುಡದಲ್ಲಿ ಹಸಿರು ಬಲೆ ಹಾಸುತ್ತಾರೆ. ಟ್ರ್ಯಾಕ್ಟರಿನ ಮುಂದಿನ ಕೈ ಬಂದು ಕಾಂಡವನ್ನು ಹಿಡಿಯುತ್ತದೆ. ಈಗ ನೋಡಿ, ಈಗ. ಮರ ಗಡಗಡ ನಡುಗಿತು, ಕಾಯೆಲ್ಲ ಬಲೆಗೆ ಬಿತ್ತು, ಇಬ್ಬರು ಉದ್ದ ಕೋಲಿನಿಂದ ಉಳಿದದ್ದನ್ನು ಬಡಿದರು, ಬಲೆಯ ನಾಲ್ಕು ತುದಿ ಹಿಡಿದು ಮುಂದಿನ ಮರಕ್ಕೆ ಎಳೆದರು. ಮಾತಿಲ್ಲ, ಕತೆಯಿಲ್ಲ. ನಾವು ನಿಂತು ನೋಡುತ್ತಿದ್ದರೆ ಒಬ್ಬಾತ ಒಂದು ಹಿಡಿ ಕಾಯಿ ತೋರಿಸಿದ. ಭಾವ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಹಸಿ ಆಲಿವ್ ಹಾಗೆಯೇ ತಿನ್ನುವ ಪದಾರ್ಥ ಅಲ್ಲ, ಅಸಾಧ್ಯ ಕಹಿ. ಉಪ್ಪುನೀರಿನಲ್ಲೋ ಕ್ಷಾರದಲ್ಲೋ ಇಟ್ಟು ಕಹಿ ತೆಗೆಯಬೇಕು. ಭಾವನ ಮುಖವನ್ನು ನಾನು ಎರಡು ಸಲ ನಿಧಾನಗತಿಯಲ್ಲಿ ತೋರಿಸುತ್ತಿದ್ದೇನೆ, ಅಕ್ಕನ ವಿಶೇಷ ಕೋರಿಕೆಯ ಮೇರೆಗೆ.

ಈ ತಿಂಗಳಲ್ಲಿ ಬರುವವರಿಗೆ ಒಂದು ಎಚ್ಚರಿಕೆ. ಟ್ರೇಲರ್‌ಗಳಿಂದ ಚೆಲ್ಲಿದ ಕಾಯಿ ರಸ್ತೆಯ ಮೇಲೆ ಅರೆದುಹೋಗಿ ಎಣ್ಣೆ ಜಿಡ್ಡು ಕಟ್ಟಿರುತ್ತದೆ. ಜೊತೆಗೆ ತೋಟದಿಂದ ಬರುವ ಟ್ರ್ಯಾಕ್ಟರ್ ಚಕ್ರದ ಕೆಸರು. ಇಳಿಜಾರಿನ ತಿರುವಿನಲ್ಲಿ ಇವೆರಡೂ ಸೇರಿದರೆ ಎಂಥ ಟೈರೂ ನಿಲ್ಲುವುದಿಲ್ಲ. ತೋಟದ ದಾರಿ ರಸ್ತೆಗೆ ಸೇರುವಲ್ಲೆಲ್ಲ ಬ್ರೇಕನ್ನು ಮೊದಲೇ ಹಿಡಿದು, ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡಿ.

ವಾಹನಗಳ ಬಗ್ಗೆ ಮಾತ್ರ ದೂರಿಲ್ಲ. ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಸ್ಪೇನ್‌ನಲ್ಲಿ ಕಾನೂನಿದೆ. ಕಾನೂನು ಎಲ್ಲ ಕಡೆ ಇರುತ್ತದೆ ಬಿಡಿ, ಇಲ್ಲಿ ಪಾಲಿಸುತ್ತಾರೆ. ಈ ಬಿಳಿ ವ್ಯಾನ್ ನೋಡಿ, ತಿರುವು ಮುಗಿಯುವ ತನಕ ನಮ್ಮ ಹಿಂದೆಯೇ ತೆವಳಿತು. ಹಾರ್ನ್ ಇಲ್ಲ. ಭಾವನಿಗೆ ಅದೇ ಭಯ: "ಹಿಂದೆ ಯಾರೋ ಸುಮ್ಮನೆ ಬರುತ್ತಿದ್ದಾನೆ, ಏನಾಗಬೇಕಂತೆ ಕೇಳು."

ಊಟದ ದೃಶ್ಯ ಕತ್ತಲಾಗಿದೆ, ಕ್ಷಮಿಸಿ. ಹಾಯೆನ್‌ನಲ್ಲಿ ಒಂದು ಒಳ್ಳೆಯ ಸಂಪ್ರದಾಯ, ಕುಡಿಯಲು ಏನು ಕೇಳಿದರೂ ಜೊತೆಗೆ ಸಣ್ಣ ತಟ್ಟೆಯಲ್ಲಿ ತಿನ್ನಲು ಏನಾದರೂ ಪುಕ್ಕಟೆಯಾಗಿ ಬರುತ್ತದೆ. ಸಸ್ಯಾಹಾರಿಗಳಿಗೆ ಇದು ಪರೀಕ್ಷೆ. ಮಾಂಸ ಬೇಡ ಎಂದರೆ ಟ್ಯೂನಾ ಮೀನು ಬರುತ್ತದೆ, ಮೀನೂ ಬೇಡ ಎಂದರೆ ಮಾಣಿ ನಿಮ್ಮ ಆರೋಗ್ಯ ವಿಚಾರಿಸುತ್ತಾನೆ. ಕೊನೆಗೆ ನಮ್ಮ ಮಾನ ಉಳಿಸಿದ್ದು ಪಾಲಕ್ ಸೊಪ್ಪು, ಬೆಳ್ಳುಳ್ಳಿ, ಬ್ರೆಡ್, ಕೆಂಪುಮೆಣಸಿನ ಪುಡಿ, ವಿನೆಗರ್ ಹಾಕಿ ಬೇಯಿಸಿದ ಒಂದು ಊರಿನ ಅಡುಗೆ. ಬೆಳಗಿನ ತಿಂಡಿಗೆ ಚಿಂತೆಯಿಲ್ಲ, ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಮೇಲೆ ನಿಮಗೆ ಬೇಕಾದಷ್ಟು ಎಣ್ಣೆ, ಬಾಟಲಿ ಮೇಜಿನ ಮೇಲೆಯೇ ಇರುತ್ತದೆ. ಇದೇ ಎಣ್ಣೆಯ ಬೆಲೆ ಮೊನ್ನೆ ಮೊನ್ನೆ ಆಕಾಶಕ್ಕೇರಿತ್ತು. ಬರದಿಂದ 2022ರ ಕೊಯ್ಲಿನಲ್ಲಿ ಸ್ಪೇನ್‌ನ ಉತ್ಪಾದನೆ ಅರ್ಧಕ್ಕೂ ಕೆಳಗೆ ಇಳಿಯಿತು, ಮರುವರ್ಷವೂ ಚೇತರಿಸಲಿಲ್ಲ, ಸೂಪರ್‌ಮಾರ್ಕೆಟ್‌ಗಳು ಬಾಟಲಿಯ ಕತ್ತಿಗೆ ಕಳ್ಳತನ ತಡೆಯುವ ಬೀಗ ಹಾಕಿದವು. ಮನೆಯ ಹಿತ್ತಲಿನಲ್ಲಿ ಆರು ಕೋಟಿ ಮರ ಇಟ್ಟುಕೊಂಡು ಎಣ್ಣೆಗೆ ಬೀಗ! ಪೆಡಲ್ ಅಂಗಡಿಯವರ ಮೇಲಿನ ಸಿಟ್ಟು ಆಗ ಸ್ವಲ್ಪ ಇಳಿಯಿತು. ಸ್ವಲ್ಪವೇ.

ಓಹ್, ಬೆಟ್ಟ ಬಂದೇಬಿಟ್ಟಿತು. ಬಂಡೆಯ ತುದಿಯಲ್ಲಿ ಕೋಟೆ ಕಾಣುತ್ತಿದೆಯಲ್ಲ, ಅದು ಲಾ ಇರುಯೆಲಾ, ಕಸೋರ್ಲಾ ಊರಿಗೆ ಅಂಟಿಕೊಂಡೇ ಇದೆ. ಅಲ್ಲಿಂದ ಎ-319 ರಸ್ತೆ ಬುರುಂಚೆಲ್ ಹಳ್ಳಿ ದಾಟಿ ಪಲೋಮಾಸ್ ಘಾಟಿ ಹತ್ತುತ್ತದೆ. ಇದರ ನಂತರದ್ದೆಲ್ಲ ಸ್ಪೇನ್‌ನ ಅತಿ ದೊಡ್ಡ ಸಂರಕ್ಷಿತ ಪ್ರದೇಶ, 2,000 ಚದರ ಕಿಲೋಮೀಟರಿಗೂ ಹೆಚ್ಚು. ಏರು ಕಠೋರವಲ್ಲ, ಆದರೆ ಬಿಡುವುದೂ ಇಲ್ಲ. ಆಲಿವ್ ಒಂದೊಂದೇ ಸಾಲು ಹಿಂದೆ ಬಿದ್ದು ಪೈನ್ ಮರಗಳು ಶುರುವಾಗುತ್ತವೆ. ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ನಮ್ಮ ಸರಪಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ವಾರದ ದಿನವಾದ್ದರಿಂದ ವಾಹನ ಬಂದದ್ದೇ ಅಪರೂಪ.

ಮೇಲೆ ನಿಂತು ನೋಡುವ ಜಾಗಕ್ಕೆ ಬಂದು ಹಿಂತಿರುಗಿ ನೋಡಿದರೆ ಬೆಳಗ್ಗೆ ಬೈದುಕೊಂಡ ತೋಟಗಳೆಲ್ಲ ಕೆಳಗೆ ಚುಕ್ಕಿ ಇಟ್ಟ ರಂಗೋಲಿ. ಭಾವ ಒಂದು ಹದ್ದು ತೋರಿಸಿದರು, ಅದು ರಣಹದ್ದು. ಇಲ್ಲಿ ಗಡ್ಡದ ರಣಹದ್ದು ಕೂಡ ಇದೆ, ಮೂಳೆಯನ್ನು ಎತ್ತರದಿಂದ ಬಂಡೆಗೆ ಬೀಳಿಸಿ ಒಡೆದು ತಿನ್ನುವ ಹಕ್ಕಿ. 1980ರ ದಶಕದಲ್ಲಿ ಈ ಬೆಟ್ಟಗಳಿಂದ ಪೂರ್ತಿ ಕಣ್ಮರೆಯಾಗಿತ್ತು. ಸಾಕಿದ ಮರಿಗಳನ್ನು 2006ರಿಂದ ಬಿಡುತ್ತ ಬಂದಿದ್ದಾರೆ. ನಾವು ನೋಡಿದ್ದು ಅದಲ್ಲ, ಮಾಮೂಲಿಯದು. ಭಾವ ಮಾತ್ರ ಮನೆಗೆಲ್ಲ ಫೋನ್ ಮಾಡಿ ಗಡ್ಡದ್ದೇ ಎಂದಿದ್ದಾರೆ.

ಇಳಿಜಾರು ಎಂದರೆ ಸುಖ ಎನ್ನುವ ಅಭಿಪ್ರಾಯವನ್ನು ಈ ದೃಶ್ಯದಲ್ಲಿ ವಾಪಸು ಪಡೆಯುತ್ತೇನೆ. ನೆರಳಿನ ಬದಿ, ಒದ್ದೆ ರಸ್ತೆ, ಬ್ರೇಕ್ ಹಿಡಿದ ಬೆರಳು ಮರಗಟ್ಟಿ ಗೇರ್ ಬದಲಿಸಲು ಆಗುತ್ತಿಲ್ಲ. ಬೆರಳು ಮುಚ್ಚುವ ಕೈಗವಸು ತನ್ನಿ, ಅಷ್ಟೇ ಹೇಳುತ್ತೇನೆ. ಕೆಳಗೆ ಸಿಗುವುದು ಮತ್ತೆ ಗ್ವಾದಲ್ಕಿವೀರ್, ಆದರೆ ಇಲ್ಲಿ ಸಣ್ಣದು, ತಿಳಿಯಾದದ್ದು, ಅದೂ ಉತ್ತರಕ್ಕೆ ಹರಿಯುತ್ತಿದೆ. ಭಾವ ವಾದಕ್ಕೇ ಇಳಿದರು, ಬೆಳಗ್ಗೆ ಪಶ್ಚಿಮಕ್ಕೆ ಹೋಗುತ್ತಿದ್ದ ನದಿ ಇಲ್ಲಿ ಹೀಗೇಕೆ ಹೋಗುತ್ತದೆ, ನಿನ್ನ ನಕ್ಷೆಯೇ ತಪ್ಪು ಎಂದು. ನಕ್ಷೆ ಸರಿಯಾಗಿಯೇ ಇತ್ತು. ನದಿ ಈ ಕಣಿವೆಯಲ್ಲಿ ಈಶಾನ್ಯಕ್ಕೆ ಹೋಗಿ, ತ್ರಾಂಕೊ ಜಲಾಶಯದ ಬಳಿ ಬೆಟ್ಟವನ್ನು ಸೀಳಿಕೊಂಡು ಪಶ್ಚಿಮಕ್ಕೆ ತಿರುಗುತ್ತದೆ, ಆಮೇಲೆ ಕೊರ್ದೊಬಾ, ಸೆವಿಲ್ಯಾ ದಾಟಿ ಅಟ್ಲಾಂಟಿಕ್ ಸೇರುತ್ತದೆ. ಆ ತಿರುವನ್ನು ಕಣ್ಣಾರೆ ನೋಡದೆ ಭಾವ ಒಪ್ಪಲಿಲ್ಲ, ಹಾಗಾಗಿ ಮರುದಿನ ಜಲಾಶಯದ ತನಕ ತುಳಿಯಬೇಕಾಯಿತು.

ಅದು ಮುಂದಿನ ವಿಡಿಯೊದಲ್ಲಿ. ಇಲ್ಲಿ ಬ್ಯಾಟರಿ ಕೆಂಪು ಮಿನುಗುತ್ತಿದೆ, ಕೊನೆಯಲ್ಲಿ ಕೈ ಬೀಸುತ್ತಿರುವುದು ಬಸ್ಸಿನಲ್ಲಿ ಆರಾಮಾಗಿ ಬಂದ ಅಕ್ಕ, ಅವಳ ಕೈಯಲ್ಲಿ ಬಿಸಿ ಚಾಕೊಲೇಟ್, ನಮಗೆ ಮಾತ್ರ ಇನ್ನೂ