ಹುಣಸೆ ಬಿಟ್ಟುಕೊಟ್ಟ ಊರು, ಕಟ್ಟೆ ಕಟ್ಟಿದ ಕುರಿಗಾಹಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಮೈಸೂರಿನವರಿಗೆ ಕಾಡುಪ್ರಾಣಿ ಅಂದ ತಕ್ಷಣ ಬಂಡೀಪುರ, ನಾಗರಹೊಳೆ ನೆನಪಾಗುತ್ತದೆ. ಇವತ್ತು ನಾನು ಆ ಕಡೆ ಹೋಗುವುದಿಲ್ಲ. ಜನರ ಹಿತ್ತಲಲ್ಲಿ, ಗದ್ದೆಯಲ್ಲಿ, ಊರ ಪಕ್ಕದ ಬೆಟ್ಟದಲ್ಲಿ ಬದುಕುವ ಜೀವಗಳ ಬಗ್ಗೆ ಮಾತಾಡುತ್ತೇನೆ. ಅವು ಉಳಿದಿರುವುದು ಯಾರೋ ತಮ್ಮ ಪಾಲಿನದನ್ನು ಸ್ವಲ್ಪ ಬಿಟ್ಟುಕೊಟ್ಟಿದ್ದರಿಂದ. ಹಾಗೆ ಬಿಟ್ಟುಕೊಟ್ಟವರನ್ನು ನಾವು ಸರಿಯಾಗಿ ಗುರುತಿಸಿಲ್ಲ ಅನ್ನೋದು ನನ್ನ ಸಂಕಟ.

ರಂಗನತಿಟ್ಟು ನಿಮಗೆಲ್ಲ ಗೊತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಸುತ್ತ ಕಾವೇರಿ ನೀರು, ನಡುವೆ ನಡುಗಡ್ಡೆಗಳು. ಹಕ್ಕಿಗೂ ಮನುಷ್ಯನಿಗೂ ನಡುವೆ ಹೊಳೆಯೇ ಬೇಲಿ.

ಕೊಕ್ಕರೆ ಬೆಳ್ಳೂರಿನಲ್ಲಿ ಆ ಬೇಲಿ ಇಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರು ಶಿಂಷಾ ಹೊಳೆಗೆ ಹತ್ತಿರ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುವುದು ಮನೆ ಮುಂದಿನ ಹುಣಸೆ ಮರದಲ್ಲಿ, ಅರಳಿ ಮರದಲ್ಲಿ. ಕೆಳಗೆ ಹಸು ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಮರಿಗಳಿರುವ ಕಾಲದಲ್ಲಿ ಒಮ್ಮೆ ಹೋಗಿ ಮರದ ಕೆಳಗೆ ನಿಲ್ಲಿ. ಎಲೆಗಳೆಲ್ಲ ಹಿಕ್ಕೆ ಬಿದ್ದು ಬೆಳ್ಳಗಾಗಿರುತ್ತವೆ. ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಮರಿಗಳ ಗಲಾಟೆ ಒಂದು ಗಳಿಗೆ ನಿಲ್ಲುವುದಿಲ್ಲ. ಬಿಸಿಲು ಏರಿದಾಗ ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿರುತ್ತದೆ. ಅದನ್ನು ನೋಡುವುದಕ್ಕೆ ದುರ್ಬೀನು ಬೇಡ, ಜಗಲಿ ಮೇಲೆ ಕೂತರೆ ಸಾಕು.

ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಅಂತ ಆ ಊರಿನವರು ಈ ಹಕ್ಕಿಗಳನ್ನು ಕರೆಯುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ, ಪತ್ರಿಕೆಗಳಲ್ಲೂ ಎಷ್ಟೋ ಸಲ ಬಂದಿದೆ. ಆದರೆ ಮಗಳ ಬಾಣಂತನಕ್ಕೆ ತವರಿನವರು ಖರ್ಚು ಮಾಡುತ್ತಾರೆ, ಅಲ್ವಾ? ಇಲ್ಲೂ ಹಾಗೇ ಆಗಿದೆ. ಹುಣಸೆ ಬಲಿಯುವುದೂ ಹಕ್ಕಿ ಮರಿ ಮಾಡುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಮರ ಬಡಿದರೆ ಗೂಡು ಬೀಳುತ್ತದೆ. ಹಾಗಾಗಿ ಹಕ್ಕಿ ಕೂತ ಮರದ ಹುಣಸೆಯ ಆಸೆಯನ್ನು ಆ ಮನೆಯವರು ಬಿಡಬೇಕು. ಹುಣಸೆ ಹಣ್ಣು ಒಂದು ರೈತ ಮನೆಗೆ ಕೈಗೆ ಬರುವ ಕಾಸು. ಮಕ್ಕಳ ಫೀಸು ಅದರಲ್ಲಿ ಬರಬಹುದು, ಹಬ್ಬದ ಬಟ್ಟೆ ಬರಬಹುದು.

ಹಿಂದೆ ಇದಕ್ಕೆ ಪ್ರತಿಯಾಗಿ ಗೊಬ್ಬರ ಸಿಗುತ್ತಿತ್ತು. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಹೂಳು ಮಣ್ಣು ತುಂಬಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಗದ್ದೆಗೆ ಹಾಕುತ್ತಿದ್ದರು. ಹಕ್ಕಿ ಇದ್ದ ಮನೆಗೆ ಒಳ್ಳೆ ಗೊಬ್ಬರ ಪುಕ್ಕಟೆ. ಯೂರಿಯಾ ಮೂಟೆ ಬಂದ ಮೇಲೆ ಆ ನಂಟು ಸಡಿಲವಾಯಿತು. ವಾಸನೆ ಉಳಿಯಿತು, ಲಾಭ ಹೋಯಿತು. ಮರವನ್ನು ಸೌದೆಗೆ ಮಾರಿದರೆ ಒಂದೇ ಸಲಕ್ಕೆ ದುಡ್ಡು. ಹಾಗೆ ಮಾರಿದವರೂ ಇದ್ದಾರೆ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ತೊಂಬತ್ತರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು ಅಲ್ಲಿಗೆ ಹೋಗಿ ಊರಿನ ಹುಡುಗರ ಜೊತೆ ಸೇರಿ ಕೆಲಸ ಶುರು ಮಾಡಿದರು. ಹೆಜ್ಜಾರ್ಲೆ ಬಳಗ ಅಂತ ಅದಕ್ಕೆ ಹೆಸರು. ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ತಾಯಿ ಮತ್ತೆ ಮೇಲಕ್ಕೆ ಒಯ್ಯಲಾರದು. ಅಂಥ ಮರಿಗಳನ್ನು ಈ ಹುಡುಗರು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ಬಲಿತ ಮೇಲೆ ಬಿಡುತ್ತಿದ್ದರು. ಮೀನು ಹೊಂದಿಸುವುದು ಸುಲಭದ ಮಾತಲ್ಲ. ಹೆಜ್ಜಾರ್ಲೆ ಮರಿಯ ಹಸಿವು ನೋಡಿದವರಿಗೇ ಗೊತ್ತು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಇಂಥ ಮೀಸಲಿನಲ್ಲಿ ಜಮೀನು, ಮರ ಜನರ ಹೆಸರಲ್ಲೇ ಉಳಿಯುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಏರ್ಪಾಡು. ಗೂಡು ಇರುವ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಆ ಹಣ ಹುಣಸೆಯ ಬೆಲೆ ಏರಿದಂತೆ ಏರಬೇಕು, ಸರಿಯಾದ ಹೊತ್ತಿಗೆ ಕೈ ಸೇರಬೇಕು. ಮರ ಕಾಯುವವರನ್ನು ಕಚೇರಿಗೆ ಅಲೆಸಬಾರದು.

ಅದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಬನ್ನಿ. ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುಂದೂರು ಬೆಟ್ಟದಲ್ಲಿ ಕುರಿಗೂ ಕಾಡಿನ ಪ್ರಾಣಿಗೂ ಬೇಸಿಗೆಯಲ್ಲಿ ನೀರಿಲ್ಲದ್ದು ಅವರ ಕಣ್ಣಿಗೆ ಬಿತ್ತು. ಸರ್ಕಾರಕ್ಕೆ ಅರ್ಜಿ ಬರೆದು ಕೂರಲಿಲ್ಲ. ಕೈಯಾರೆ ನೆಲ ಅಗೆದರು. ಕುರಿ ಮಾರಿ ಬಂದ ದುಡ್ಡನ್ನೂ ಅದಕ್ಕೇ ಹಾಕಿದರು. ಮೇಲಿನ ಕಟ್ಟೆ ತುಂಬಿದರೆ ಕೆಳಗಿನದಕ್ಕೆ ನೀರು ಹರಿಯುವ ಹಾಗೆ ಬೆಟ್ಟದ ಇಳಿಜಾರು ನೋಡಿಕೊಂಡು ಒಂದಾದ ಮೇಲೆ ಒಂದು ಕಟ್ಟೆ ಮಾಡಿದರು. ಸುತ್ತ ಆಲದ ಸಸಿ ನೆಟ್ಟರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. 2022ರಲ್ಲಿ ತೀರಿಕೊಂಡರು. ಬೆಟ್ಟದಲ್ಲಿ ನೀರು ಎಲ್ಲಿ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಅವರು ಕುರಿಗಳ ಹಿಂದೆ ನಡೆದೂ ನಡೆದೂ ತಿಳಿದುಕೊಂಡಿದ್ದರು. ಆ ತಿಳುವಳಿಕೆಗೆ ನಾನು ಕೈ ಮುಗಿಯುತ್ತೇನೆ.

ಕಬ್ಬಿನ ಗದ್ದೆಯ ಚಿರತೆ ಬಗ್ಗೆಯೂ ಹೇಳಲೇಬೇಕು. ಮಂಡ್ಯ, ಮೈಸೂರು ಎರಡೂ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುತ್ತವೆ. ತಾಯಿ ಮರಿ ಬಿಟ್ಟು ಓಡಿಹೋಗಿಲ್ಲ, ಬೇಟೆಗೆ ಹೋಗಿರುತ್ತೆ. ಮರಿ ಮುಟ್ಟಬೇಡಿ, ಫೋಟೋಗೆ ಎತ್ತಿಕೊಳ್ಳಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಅದೇ ಜಾಗದಲ್ಲಿ ಬಿಟ್ಟರೆ ರಾತ್ರಿ ತಾಯಿ ಬಂದು ಒಯ್ಯುವುದೇ ಜಾಸ್ತಿ. ಕೂಲಿಯವರು ಅಷ್ಟು ಭಾಗ ಕಡಿಯದೆ ಬಿಟ್ಟು ಕಾದರೆ ಅದು ದೊಡ್ಡ ಉಪಕಾರ. ಆ ದಿನದ ಕೂಲಿ ಅವರಿಗೆ ಸಿಗುವಂತೆ ಗದ್ದೆಯವರು ನೋಡಿಕೊಳ್ಳಬೇಕು. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಲ್ಲಿ ಚಿರತೆ ದಾಳಿಗೆ ಜನ ಸತ್ತರು. ಆ ಮನೆಗಳವರ ಮುಂದೆ ನಿಂತು ಪ್ರಾಣಿಪ್ರೀತಿಯ ಪಾಠ ಹೇಳುವ ಹಕ್ಕು ನಮಗಿಲ್ಲ. ಸಂಜೆ ಹೊತ್ತು ಒಬ್ಬರೇ ಓಡಾಡದ ಹಾಗೆ ಬಸ್ಸು, ಬೀದಿದೀಪ, ಗಟ್ಟಿ ಬಾಗಿಲಿನ ಕೊಟ್ಟಿಗೆ, ಇವನ್ನು ಕೇಳುವುದೂ ವನ್ಯಜೀವಿ ಕೆಲಸವೇ.

ಇಲ್ಲಿರುವ ಬಹಳ ಜನಕ್ಕೆ ಹಳ್ಳಿಯಲ್ಲಿ ಮನೆಯೋ ಜಮೀನೋ ಇದೆ. ನಿಮಗೆ ಒಂದು ಕೆಲಸ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಹಕ್ಕಿ, ಪ್ರಾಣಿ, ಅವುಗಳ ಬಗ್ಗೆ ಜನರಿಗೆ ಗೊತ್ತಿರುವುದು ಎಲ್ಲ ಒಂದು ದಾಖಲೆಯಾಗಬೇಕು. ಊರಿಗೆ ಹೋದಾಗ ಆ ದಾಖಲೆ ಕೇಳಿ, ಓದಿ ನೋಡಿ. ಬಿಟ್ಟುಹೋದದ್ದನ್ನು ಮನೆಯ ಹಿರಿಯರನ್ನು ಕೇಳಿ ಬರೆಸಿ. ಯಾವ ಮರದಲ್ಲಿ ಯಾವ ತಿಂಗಳು ಹಕ್ಕಿ ಗೂಡು ಕಟ್ಟುತ್ತೆ, ಯಾವ ಕಟ್ಟೆಯಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತೆ, ಅದನ್ನು ಕಾಯುತ್ತಾ ಬಂದ ಮನೆ ಯಾವುದು, ಇಷ್ಟೂ ಬರಲಿ.

ನನ್ನ ಮಾತು ಇಷ್ಟು. ಈಗ ನಿಮ್ಮ ನಿಮ್ಮ ಊರಿನ ವಿಷಯ ಹೇಳಿ. ಮೊದಲು ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಮೈಕ್ ಕೊಡಿ.