ಗೆದ್ದವರ ಮುಖ ಯಾವ ಕಡೆ?

ನಮಸ್ಕಾರ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ರೇಡಿಯೋ ಹಾಕಿಕೊಂಡಿರುವ ಬೆಂಗಳೂರಿನವರೇ, ಇವತ್ತು ಹೊಸ ಅಧ್ಯಕ್ಷರ ಮೊದಲ ಭಾಷಣದ ವಿಷಯ. ‘ನಾವೆಲ್ಲ ಒಂದೇ’ ಅಂತ ಯಾರು ಗೆದ್ದರೂ ಹೇಳುತ್ತಾರೆ. ನಮ್ಮ ಬಡಾವಣೆ ಸಂಘದ ಚುನಾವಣೆಯಲ್ಲೂ ಹೇಳಿದರು. ಸೋತವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು! ಹಾಗಾಗಿ ನೀವು ಒಂದೇ ಒಂದು ಗಮನಿಸಿ. ಆ ಮಾತು ಹೇಳುವಾಗ ಮುಖ ಯಾವ ಕಡೆ ಇದೆ? ಓಟು ಹಾಕಿದವರ ಕಡೆಯೋ, ಹಾಕದವರ ಕಡೆಯೋ?

ಅಮೆರಿಕದ ಲಿಂಕನ್ ಕಥೆ ಹೇಳುತ್ತೇನೆ. ತರಗತಿಯಲ್ಲಿ ವರ್ಷಾ ವರ್ಷಾ ಹೇಳಿದ್ದೇ, ಇವತ್ತೂ ಬಿಡುವುದಿಲ್ಲ. 1861ರ ಮಾರ್ಚ್ 4, ಅವರು ಅಧ್ಯಕ್ಷರಾಗಿ ಮೊದಲ ಭಾಷಣ ಮಾಡಿದ ದಿನ. ಗುಲಾಮಗಿರಿ ಉಳಿಯಲೇಬೇಕು ಅಂತ ಹಟ ಹಿಡಿದ ದಕ್ಷಿಣದ 7 ರಾಜ್ಯಗಳು ಅಷ್ಟರಲ್ಲಿ ಬೇರೆಯಾಗಿದ್ದವು. ಲಿಂಕನ್ ಬರೆದಿಟ್ಟಿದ್ದ ಕೊನೆಯ ಸಾಲು ಖಾರವಾಗಿತ್ತು: ಶಾಂತಿಯೋ, ಕತ್ತಿಯೋ? ಅದನ್ನು ಸೀವರ್ಡ್ ಅವರಿಗೆ ಓದಲು ಕೊಟ್ಟರು. ಯಾರು ಈ ಸೀವರ್ಡ್? ಹಿಂದಿನ ವರ್ಷವಷ್ಟೇ ಪಕ್ಷದ ಟಿಕೆಟ್‌ಗೆ ಇದೇ ಲಿಂಕನ್ ಎದುರು ಸೋತವರು! ಕೊನೆಯಲ್ಲಿ ಸ್ವಲ್ಪ ಪ್ರೀತಿಯ ಮಾತಿರಲಿ ಅಂತ ಹೇಳಿ, ತಾವೇ ಒಂದು ಪ್ಯಾರಾ ಬರೆದುಕೊಟ್ಟರು. ನಾವು ಪರಕೀಯರಲ್ಲ, ಶತ್ರುಗಳಲ್ಲ, ಒಂದೇ ದೇಶದವರು, ಸೋದರರು ಅಂತೆಲ್ಲ ಉದ್ದಕ್ಕೆ ಇತ್ತು. ಲಿಂಕನ್ ಪೆನ್ನು ತಗೊಂಡು ಅದನ್ನು ತಮ್ಮ ಮಾತಿನಲ್ಲಿ ತಿದ್ದಿ ಬರೆದರು. ಆ ಸಾಲು ಹೀಗಾಯ್ತು: ‘ನಾವು ಶತ್ರುಗಳಲ್ಲ, ಸ್ನೇಹಿತರು.’ ಸೋತವರ ಕೈಯಲ್ಲಿ ತಿದ್ದಿಸಿಕೊಂಡು, ಬಿಟ್ಟು ಹೋದವರಿಗೆ ಹೇಳಿದ ಮಾತು ಅದು. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

‘ಆದ್ರೂ ಯುದ್ಧ ಆಯ್ತಲ್ವಾ ಸಾರ್?’ ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ಆಯ್ತಪ್ಪ. ಮುಂದಿನ ತಿಂಗಳೇ ಶುರುವಾಯ್ತು, 4 ವರ್ಷ ನಡೆಯಿತು. ಭಾಷಣ ಅಂದ್ರೆ ಮಂತ್ರನಾ? 1865ರಲ್ಲಿ ಲಿಂಕನ್ ಮತ್ತೆ ಅಧ್ಯಕ್ಷರಾದಾಗ ಮಾಡಿದ ಎರಡನೇ ಭಾಷಣವನ್ನೂ ಓದಿ ಅನ್ನುತ್ತಿದ್ದೆ. ಯುದ್ಧದ ಗೆಲುವು ಹೆಚ್ಚುಕಡಿಮೆ ಕೈಗೆ ಬಂದಿತ್ತು, ಆದರೂ ಜಂಬದ ಮಾತಿಲ್ಲ. ಯಾರ ಮೇಲೂ ದ್ವೇಷ ಬೇಡ ಅಂದರು. ಮುಖ ಅದೇ ಕಡೆ, ನೋಡಿ.

ನಮ್ಮ ರಾಷ್ಟ್ರಪತಿಗಳ ವಿಷಯ ಬೇರೆ. ಅವರನ್ನು ಆರಿಸುವುದು ನಾವಲ್ಲ, ನಾವು ಗೆಲ್ಲಿಸಿ ಕಳಿಸಿದ ಎಂಪಿ, ಎಂಎಲ್‌ಎಗಳು. ಅದಕ್ಕೆ ಇನ್ನೊಂದು ದಿನ ಬೇಕು.

ದಕ್ಷಿಣ ಆಫ್ರಿಕಾದ ಮಂಡೇಲಾ ಬಗ್ಗೆಯೂ ಹೇಳಬೇಕಿತ್ತು. 1994ರ ಮೇ 10, ಪ್ರಿಟೋರಿಯಾ ನಗರ, ಅವರು ಅಧ್ಯಕ್ಷರಾದ ದಿನ. 27 ವರ್ಷ ಜೈಲಿನಲ್ಲಿದ್ದ ಮನುಷ್ಯ. ಆ ದಿನ ಎರಡು ಗೀತೆ ಮೊಳಗಿದವು. ಹೋರಾಟಗಾರರದ್ದು ಒಂದು, ಬಿಳಿಯರ ಸರ್ಕಾರದ್ದು ಇನ್ನೊಂದು. ಬಿಳಿಯರ ಗೀತೆಗೂ ಮಂಡೇಲಾ ಎದ್ದು ನಿಂತಿದ್ದರು. ನಮ್ಮ ಸ್ಟುಡಿಯೋದವರು ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ, ಸಮಯ ಆಯ್ತಂತೆ. ನಮಸ್ಕಾರ.