ಕಿಟಕಿಯಾಚೆ ಏನೂ ಕಾಣದಾಗ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕೂತು ನಿಮ್ಮೆಲ್ಲರ ಬಾಹ್ಯಾಕಾಶದ ಕಥೆ ಓದಿದೆ. ಚೆನ್ನಾಗಿವೆ. ಆದರೆ ಒಂದು ವಿಷಯ ನಿದ್ದೆ ಮಾಡಲು ಬಿಡಲಿಲ್ಲ, ಅದನ್ನು ಹೇಳದೆ ಈ ಕಮ್ಮಟದಿಂದ ಎದ್ದು ಹೋಗಲಾರೆ. ಅಪಾಯದ ಜಾಗ ಬಂದ ಕೂಡಲೇ ನಿಮ್ಮ ನಾಯಕ ಹಲ್ಲು ಕಚ್ಚಿ ವೇಗ ಜಾಸ್ತಿ ಮಾಡುತ್ತಾನೆ. ಎಡಕ್ಕೊಂದು ಬಂಡೆ, ಬಲಕ್ಕೊಂದು ಬಂಡೆ, ನಡುವೆ ನುಸುಳಿ ಪಾರು. ಹಾಗಾದರೆ ದಾರಿ ಹುಡುಕಿದ್ದು ಯಾರು? ಆ ಮನುಷ್ಯ ನಿಮ್ಮ ಕಥೆಗಳಲ್ಲಿ ಎಲ್ಲೂ ಇಲ್ಲ.

ಬಂಡೆಗಳು ಎಲ್ಲಿಂದ ಬಂದವು ಅಂತ ನಿಮಗೆ ಗೊತ್ತೇ ಇದೆ. 1980ರ ‘ಸ್ಟಾರ್ ವಾರ್ಸ್’ ಸಿನಿಮಾ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’. ಪಾರಾಗುವ ಸಾಧ್ಯತೆ 3,720ಕ್ಕೆ ಒಂದು ಅಂತ ಆ ಚಿನ್ನದ ಬಣ್ಣದ ರೋಬಾಟ್ ಗೋಳಾಡುತ್ತದಲ್ಲ, ನನಗೂ ಆ ದೃಶ್ಯ ಬಹಳ ಇಷ್ಟ. ಆದರೆ ನಮ್ಮ ಸೂರ್ಯನ ಕ್ಷುದ್ರಗ್ರಹ ಪಟ್ಟಿಯಲ್ಲಿ, ಅಂದರೆ ಮಂಗಳ ಮತ್ತು ಗುರು ಗ್ರಹಗಳ ನಡುವೆ ಬಂಡೆಗಳು ಸುತ್ತುವ ಜಾಗದಲ್ಲಿ, ಬಂಡೆಯಿಂದ ಬಂಡೆಗೆ ಸರಾಸರಿ ಸುಮಾರು 10 ಲಕ್ಷ ಕಿಲೋಮೀಟರ್. ಚಂದ್ರ ನಮ್ಮಿಂದ ಇರುವುದೇ ಸುಮಾರು 3.84 ಲಕ್ಷ. 1972-73ರಲ್ಲಿ ನಾಸಾದ ಪಯೋನೀರ್ 10 ನೌಕೆ ಮೊದಲ ಬಾರಿಗೆ ಆ ಪಟ್ಟಿ ದಾಟಿತು, ಏನೂ ಆಗಲಿಲ್ಲ. ಹಾಗಂತ ಬಂಡೆ ಬೇಡ ಅನ್ನುತ್ತಿಲ್ಲ. ಬಂಡೆ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ತಪ್ಪಿಸಬಹುದು, ಅಲ್ವಾ? ಭಯ ಶುರುವಾಗುವುದು ಕಾಣದಾಗ.

‘ಸ್ಟಾರ್ ಟ್ರೆಕ್’ನವರಿಗೆ ಇದು ಗೊತ್ತಿತ್ತು. 1982ರ ‘ದಿ ರಾತ್ ಆಫ್ ಖಾನ್’ನಲ್ಲಿ ಏಟು ತಿಂದ ಎಂಟರ್‌ಪ್ರೈಸ್ ನೌಕೆ ಬೇಕಂತಲೇ ಮುತಾರಾ ನೀಹಾರಿಕೆ ಎಂಬ ಅನಿಲ, ದೂಳಿನ ಮೋಡದೊಳಗೆ ಹೋಗುತ್ತದೆ. ಅಲ್ಲಿ ಪರದೆ ಮಬ್ಬು, ರಕ್ಷಾಕವಚ ಕೆಲಸಕ್ಕಿಲ್ಲ. ಬೆನ್ನಟ್ಟಿದ ಶತ್ರು ಖಾನ್‌ಗೂ ಅದೇ ಗತಿ. ಅವನು ನೆಲದ ಮೇಲೆ ಓಡಾಡುವವನ ಹಾಗೆ ಹಿಂದೆ ಮುಂದೆ ಮಾತ್ರ ಹುಡುಕುತ್ತಿದ್ದಾನೆ ಅಂತ ಎಂಟರ್‌ಪ್ರೈಸ್‌ನ ಅಧಿಕಾರಿ ಸ್ಪಾಕ್ ಹಿಡಿದುಬಿಡುತ್ತಾನೆ. ನೌಕೆ ನಡೆಸುವ ಕರ್ಕ್ ಅದನ್ನು ಕೆಳಗಿಳಿಸಿ, ಖಾನ್ ಮೇಲಿಂದ ದಾಟಿ ಹೋದ ಮೇಲೆ ಅವನ ಬೆನ್ನ ಹಿಂದೆ ಎದ್ದು ಬರುತ್ತಾನೆ. ನಿಜವಾದ ನೀಹಾರಿಕೆ ನಾವು ಉಸಿರಾಡುವ ಗಾಳಿಗಿಂತ ಎಷ್ಟೋ ಕೋಟಿ ಪಟ್ಟು ತೆಳು, ಒಳಗೆ ಹೋದರೂ ಗೊತ್ತಾಗುವುದಿಲ್ಲ. ಇರಲಿ. ಆ ದೃಶ್ಯದಲ್ಲಿ ದಾರಿ ತಿಳಿದವನು ಗೆದ್ದ.

‘ಸಾರ್, ಅದು ಸಿನಿಮಾ’ ಅಂತ ಅಲ್ಲಿ ಯಾರೋ ಅಂದರು. ಸರಿ, ನಡೆದದ್ದನ್ನೇ ಹೇಳುತ್ತೇನೆ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. 1970ರ ಏಪ್ರಿಲ್, ಮೂವರನ್ನು ಹೊತ್ತು ಚಂದ್ರನ ಕಡೆ ಹೊರಟಿದ್ದ ಅಪೊಲೊ 13. ಭೂಮಿಯಿಂದ ಮೂರು ಲಕ್ಷ ಕಿಲೋಮೀಟರ್‌ಗೂ ಆಚೆ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಉಸಿರಿನ ಕಥೆ, ಚಳಿಯ ಕಥೆ ಎಲ್ಲರೂ ಹೇಳುತ್ತಾರೆ. ನನ್ನದು ಕಿಟಕಿಯ ಕಥೆ. ಆಗಿನ ನೌಕೆಯವರು ಹಳೆಯ ಹಡಗಿನವರ ಹಾಗೆ ಗುರುತಿನ ನಕ್ಷತ್ರ ನೋಡಿ ದಿಕ್ಕು ಸರಿಮಾಡಿಕೊಳ್ಳುತ್ತಿದ್ದರು. ಆದರೆ ಸಿಡಿದ ಚೂರುಪಾರೆಲ್ಲ ನೌಕೆಯ ಜೊತೆಜೊತೆಗೇ ತೇಲುತ್ತಿತ್ತು, ಬಿಸಿಲಿಗೆ ಮಿನುಗುತ್ತಿತ್ತು. ಯಾವುದು ನಕ್ಷತ್ರ, ಯಾವುದು ಚೂರು? ನೋಡಿ, ಅವರ ನೌಕೆಯೇ ಅವರ ಸುತ್ತ ಒಂದು ಮಂಜು ಎಬ್ಬಿಸಿಬಿಟ್ಟಿತ್ತು! ಆಗ ಅವರು ಯಾವ ಚೂರೂ ಮರೆಮಾಡಲಾಗದ ಒಂದನ್ನು ಹಿಡಿದರು, ಸೂರ್ಯನನ್ನು. ಸೂರ್ಯ ಇಂಥ ಕಡೆ ಇರಬೇಕು ಅಂತ ಕಂಪ್ಯೂಟರ್ ಹೇಳಿತು, ಆ ಕಡೆ ತಿರುಗಿ ನೋಡಿದರೆ ಸೂರ್ಯ ಅಲ್ಲೇ ಇದ್ದ. ಮುಂದೆ ಇನ್ನೊಮ್ಮೆ ದಾರಿ ತಿದ್ದಬೇಕಾಯಿತು, ಅಷ್ಟರಲ್ಲಿ ವಿದ್ಯುತ್ ಉಳಿಸಲು ಕಂಪ್ಯೂಟರನ್ನೂ ಆರಿಸಿದ್ದರು. ಭೂಮಿಯ ಮೇಲೆ ಹಗಲೂ ರಾತ್ರಿಯೂ ಸೇರುವ ಅಂಚು ಇದೆಯಲ್ಲ, ಅದನ್ನು ಕಿಟಕಿಯ ಗುರುತುಗೆರೆಗೆ ಹೊಂದಿಸಿದರು. ಆ ಮೂವರಲ್ಲಿ ಲೊವೆಲ್ ಮತ್ತು ಹೇಸ್ ನೌಕೆ ಅಲುಗದಂತೆ ಹಿಡಿದರು, ಸ್ವಿಗರ್ಟ್ ಕೈಗಡಿಯಾರ ನೋಡಿ ಸೆಕೆಂಡು ಎಣಿಸಿದರು. 14 ಸೆಕೆಂಡು ಎಂಜಿನ್ ಉರಿಯಿತು. ಮೂವರೂ ಮನೆಗೆ ಬಂದರು.

ಇದರಲ್ಲಿ ಯಾರಾದರೂ ಹಲ್ಲು ಕಚ್ಚಿ ವೇಗ ಹೆಚ್ಚಿಸಿದರಾ? ಇಲ್ಲ. ಹಾಗಂತ ರೋಚಕತೆ ಕಡಿಮೆಯಾಯಿತಾ?

‘ಡ್ಯೂನ್’ ಬಗ್ಗೆ ಜಾಸ್ತಿ ಹೇಳಬೇಕಿತ್ತು. 1965ರ ಆ ಕಾದಂಬರಿಯಲ್ಲಿ ಯೋಚಿಸುವ ಯಂತ್ರಗಳಿಗೆ ನಿಷೇಧ, ಹಾಗಾಗಿ ದಾರಿ ತೋರುವವರು ‘ಸ್ಪೈಸ್’ ಎಂಬ ಮಾದಕ ಪದಾರ್ಥ ಸೇವಿಸಿ ಸುರಕ್ಷಿತ ದಾರಿಯನ್ನು ಮುಂಚೆಯೇ ಕಾಣುತ್ತಾರೆ. ದಾರಿ ಕಾಣುವವರಿಗೆ ಎಷ್ಟು ಬೆಲೆ ಅನ್ನುವುದರ ಮೇಲೆ ಅಲ್ಲಿನ ಸಾಮ್ರಾಜ್ಯವೇ ನಿಂತಿದೆ. ‘ಸ್ಟಾರ್ ವಾರ್ಸ್’ನ ನೌಕೆ ಓಡಿಸುವ ಹಾನ್ ಸೋಲೊ, ಕೆಸೆಲ್ ದಾರಿಯನ್ನು 12 ಪಾರ್ಸೆಕ್‌ಗೂ ಕಡಿಮೆಯಲ್ಲಿ ಮುಗಿಸಿದೆ ಅಂದಾಗ, ಪಾರ್ಸೆಕ್ ದೂರದ ಅಳತೆ, ಕಾಲದ್ದಲ್ಲ ಅಂತ ಜನ ನಕ್ಕರು. ನನಗೆ ಆ ಮಾತು ಸರಿಯಾಗೇ ಕೇಳಿಸುತ್ತದೆ. ಯಾರೂ ಹೋಗದ ಕಡೆಯಿಂದ ಹತ್ತಿರದ ದಾರಿ ಹುಡುಕಿದೆ ಅಂತ ತಾನೇ? 2018ರ ಸಿನಿಮಾದಲ್ಲಿ ಅದನ್ನು ಹಾಗೇ ತೋರಿಸಿದರು.

ಚೀಟಿ ಬಂತು, ಐದೇ ನಿಮಿಷ. ಕಪ್ಪುಕುಳಿ ಬಿಡುತ್ತೇನೆ. ‘ಇಂಟರ್‌ಸ್ಟೆಲ್ಲರ್’ ಸಿನಿಮಾದಲ್ಲಿ ಕಪ್ಪುಕುಳಿಯ ಹತ್ತಿರದ ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ ಏಳು ವರ್ಷ. ಅಲ್ಲಿ ದಾರಿ ತಪ್ಪಿದರೆ ಕಳೆಯುವುದು ಮಕ್ಕಳ ಬಾಲ್ಯ, ಅಷ್ಟು ನೆನಪಿಡಿ.

ನಮ್ಮದನ್ನು ಹೇಳಲೇಬೇಕು. 2023ರ ಜುಲೈ 14, ಚಂದ್ರಯಾನ-3 ಹೊರಟಿದ್ದು 4 ಸೆಕೆಂಡು ತಡವಾಗಿ. ಭೂಮಿಯ ಸುತ್ತ ತಿರುಗುವ ವಸ್ತುಗಳಿಗೆ ಎಲ್ಲಿ ಡಿಕ್ಕಿಯಾದೀತೋ ಅಂತ ಲೆಕ್ಕ ಹಾಕಿ ಅಷ್ಟು ಕಾದರು. ಇಂಥ ಲೆಕ್ಕ ಹಾಕುವ ಇಸ್ರೊ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ. ಆ 4 ಸೆಕೆಂಡಿನ ಮೇಲೆ ಕನ್ನಡದಲ್ಲಿ ಒಂದು ಕಥೆ ಬೇಕು ನನಗೆ.

ಚಹಾ ಆದಮೇಲೆ ಎಲ್ಲರೂ ಒಂದೊಂದು ಪುಟ ಬರೆಯಿರಿ. ನೌಕೆಯ ಕಿಟಕಿ ಮಬ್ಬಾಗಿದೆ, ಕಂಪ್ಯೂಟರ್ ಆರಿದೆ. ದಾರಿ ನೋಡುವ ಹೆಣ್ಣುಮಗಳೊಬ್ಬಳು ಕೂತಿದ್ದಾಳೆ. ಅವಳಿಗೆ ಹೊರಗೆ ಕಾಣುವುದು ಒಂದೇ ಒಂದು ವಸ್ತು. ಅದು ಯಾವುದು ಅನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಪೆನ್ನು ಎತ್ತಿಕೊಳ್ಳಿ.